ನೀರು ಹಿಡಿಯುವ ಕೆಲಸ

ಸುಂಟಿಕೊಪ್ಪದಾಚೆ, ಹೋಂಸ್ಟೇ ಮೆಟ್ಟಿಲಿಗೆ
ಓಬಳೇಶ ಕಲ್ಲು ಕೊಯ್ಯುತ್ತಾನೆ.
ನನ್ನದು ನೀರು ಹಿಡಿಯುವ ಕೆಲಸ.
ಬ್ಲೇಡು ಕಲ್ಲು ಮುಟ್ಟುವಲ್ಲಿಗೇ,
ಬೆರಳಗಲ ಆಚೀಚೆಯಾಗದಂತೆ.

ಮೊದಲು ಈ ಕೆಲಸವೇ ಇರಲಿಲ್ಲ.
ಸಂಜೆಗೆ ಅವನ ರೆಪ್ಪೆ, ನನ್ನ ಬುತ್ತಿ, ಬೇಲಿಯಾಚೆಯ ಕಾಫಿ ಎಲೆ
ಎಲ್ಲ ಒಂದೇ ಬಿಳಿ.
ಬಾಯಿಗೆ ಕಟ್ಟಿದ ಟವೆಲಿನ ಒಳಮಗ್ಗುಲೂ.

ಅವನ ಅಣ್ಣ ತಿಪ್ಪಯ್ಯನಿಗೆ ಮಡಿಕೇರಿಯಲ್ಲಿ
ಆರು ತಿಂಗಳು ಟಿ.ಬಿ. ಮಾತ್ರೆ ಕೊಟ್ಟರು.
ಕಫದಲ್ಲಿ ಕ್ರಿಮಿ ಸಿಗಲೇ ಇಲ್ಲ.
ಕೊನೆಗೊಬ್ಬ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
"ಏನು ಕೆಲಸ ಮಾಡ್ತೀಯಪ್ಪ?" ಅಂದರು.
ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.
ಈಗ ಅವನು ಕೂತೇ ನಿದ್ದೆ ಮಾಡುತ್ತಾನೆ.

ಮಾರ್ಚಿನಲ್ಲಿ ತೋಟದ ಸ್ಪ್ರಿಂಕ್ಲರು
ಹೂ ಬಿಡಲೆಂದು ಹಗಲೂ ರಾತ್ರಿ ತಿರುಗುತ್ತಿತ್ತು.
ಬೇಲಿ ದಾಟಿ ರೈಟರು ಬೆಳ್ಯಪ್ಪನನ್ನು ಕೇಳಿದೆ,
ಒಂದು ಪೈಪು.
"ಕಲ್ಲೂ ಹೂ ಬಿಡ್ತದಾ?" ಅಂತ ನಕ್ಕ.
ಕೊಟ್ಟ.

ಕಾಲಡಿ ಈಗ ಬೂದಿ ಬಣ್ಣದ ರಾಡಿ.
ನೆಲ ಕೆಟ್ಟಿತೆಂದು ಮೇಸ್ತ್ರಿ ಬೈಯುತ್ತಾನೆ,
ಬಳಿಯುವುದೂ ನನ್ನ ಪಾಲಿಗೇ ಬಂತು,
ಕೂಲಿ ಅಷ್ಟೇ.

ಮೋಟರು ನಿಂತ ಮೇಲೆ
ಓಬಳೇಶ ಮುಖ ಎತ್ತುತ್ತಾನೆ.
ಮೊದಲು ರೆಪ್ಪೆ ನೋಡುತ್ತೇನೆ.
ಕಪ್ಪು.