ಹರಿಗೋಲು ಶೆಡ್ಡಿನ ರಿಜಿಸ್ಟರ್

ಹೊಳೆನರಸೀಪುರದ ಸೇತುವೆ ಬಗಲಿಗೆ
ತಗಡಿನ ಶೆಡ್ಡು. ಬೀಗವಿದೆ, ಕೀಲಿ ಬೇಡ,
ಒಮ್ಮೆ ಒದ್ದರೆ ಸಾಕು.

ಮೊದಲ ಪುಟದಲ್ಲಿ ಸಹಿಯಿಲ್ಲ, ಹೆಬ್ಬೆಟ್ಟು:
ಅಂಬಿಗರ ಚಿಕ್ಕದ್ಯಾವಯ್ಯ.
ಸರ್ಕಾರ ಕೊಟ್ಟದ್ದು ಎಮ್ಮೆ ಚರ್ಮದ ಹರಿಗೋಲು ಒಂದು,
ಹುಟ್ಟು ಒಂದು, ಲಾಟೀನು ಒಂದು.
ಸೀಮೆಎಣ್ಣೆ ಅವನದೇ.

ಆ ಆಷಾಢ ಎತ್ತಿದ್ದು
ಏಳು ಜನ, ಒಂದು ಹೋರಿ, ಒಬ್ಬರು ಶಾನುಭೋಗರು.
ದಡ ಮುಟ್ಟಿ, ಪಂಚೆ ಹಿಂಡಿಕೊಂಡು
ಶಾನುಭೋಗರು ಕೇಳಿದರಂತೆ, ‘ಯಾವ ಜನ ನೀನು?’
ಅವನ ಉತ್ತರಕ್ಕೆ ಕಾಲಂ ಇಲ್ಲ.

ಆಮೇಲೆ ಫೈಬರ್ ದೋಣಿ ಬಂತು,
ಕಿತ್ತಳೆ ಬಣ್ಣದ ಜಾಕೆಟ್ಟು ಬಂತು,
ಮೇಲೆ ಗೊರೂರಲ್ಲಿ ಅಣೆಕಟ್ಟು ಬಂತು.
ಹೇಮಾವತಿ ಈಗ ಮಂತ್ರಿಯ ಹಾಗೆ
ಸೈರನ್ ಹಾಕಿಸಿಕೊಂಡೇ ಬರುತ್ತಾಳೆ.

ನಾನು, ದ್ಯಾವಯ್ಯನ ಮೊಮ್ಮಗಳು,
ಹೋಂಗಾರ್ಡ್ ನಲವತ್ತೊಂದು,
ಈ ತಿಂಗಳ ಲೆಕ್ಕ ಬರೆಯುತ್ತೇನೆ:
ಸೆಲ್ಫಿ ಹುಡುಗರು ಇಬ್ಬರು, ನಾಯಿಮರಿ ಒಂದು.
ಒಬ್ಬ ಸಿಗಲಿಲ್ಲ.
ಎಡಗಾಲಿನ ಚಪ್ಪಲಿ ಶೆಡ್ಡಿನಲ್ಲೇ ಇದೆ,
ಕೇಳಿಕೊಂಡು ಯಾರೂ ಬಂದಿಲ್ಲ.

ಸಿಗದವರ ಹೆಸರಿನ ಕೆಳಗೆ
ಅಜ್ಜ ಒಂದು ಸಾಲು ಖಾಲಿ ಬಿಡಿಸುತ್ತಿದ್ದ.
ಯಾಕೆಂದು ಗುಮಾಸ್ತರು ಬರೆದಿಟ್ಟಿಲ್ಲ.

ನಾನೂ ಬಿಟ್ಟಿದ್ದೇನೆ.