ಟೆಂಪೊ ಕಾದದ್ದಕ್ಕೆ

ಎರಡನೇ ಶನಿವಾರ, ಬೈತಖೋಲ,
ಐಸ್ ಫ್ಯಾಕ್ಟರಿಯ ಹಿಂದಿನ ಶೆಡ್ಡು.
ಬಾಡಿಗೆ ಇಲ್ಲ, ಷರತ್ತು ಒಂದೇ:
ಮೋಟಾರು ನಿಲ್ಲಿಸುವುದು ಒಂದೂವರೆ ತಾಸು ಮಾತ್ರ.
ಆಮೇಲೆ ಬರ್ಫ ಬೆವರುತ್ತದೆ ಎನ್ನುತ್ತಾರೆ ಉಲ್ಲಾಸ ರೇವಣಕರರು,
ಗಡಿಯಾರ ನೋಡುತ್ತ, ತಾವೇ ಬೆವರುತ್ತ.

ನಾವು ಆರು ಮಂದಿ. ಸಂಘಕ್ಕೆ ರಬ್ಬರ್ ಸ್ಟಾಂಪಿದೆ,
ಅದರಲ್ಲಿ ಜಾನಪದದ ದೀರ್ಘ ಬಿದ್ದುಹೋಗಿ
ಜನಪದ ಮಾತ್ರ ಉಳಿದಿದೆ.
ಹೊಸದಕ್ಕೆ ನೂರೆಂಬತ್ತು. ಮುಂದಿನ ವರ್ಷ ನೋಡೋಣ.

ಜಟ್ಟು ಹರಿಕಂತ್ರನಿಗೆ ಬೆಳಿಗ್ಗೆ ಬಲೆ, ಸಂಜೆ ಕುರ್ಚಿ.
ಮೈಕಿಗೆ ನಸೀಮಾ. ಚಹಾಕ್ಕೆ ಫರ್ನಾಂಡಿಸ್ ಬಾಯಿ.
ಇಬ್ಬರು ಬರುತ್ತೇನೆಂದು ಹೇಳುವವರು.
ನಾನು ಲೆಕ್ಕ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ
ಬೇರೆಯವರ ದುಡ್ಡು ಎಣಿಸಿದ ಬೆರಳು
ಸುಮ್ಮನೆ ಕೂರಲು ಕಲಿಯಲಿಲ್ಲ.

ಟಿಕೆಟ್ಟಿಲ್ಲ. ಬಾಗಿಲಲ್ಲಿ ಮೀನಿನ ಬುಟ್ಟಿ.
ಎಷ್ಟು ತೊಳೆದಿಟ್ಟರೂ ನೋಟಿಗೆ ಬಾಂಗಡೆಯ ವಾಸನೆ,
ಬ್ಯಾಂಕಿನ ಹುಡುಗ ಉಸಿರು ಹಿಡಿದು ಎಣಿಸುತ್ತಾನೆ.

ಫೆಬ್ರವರಿಯಲ್ಲಿ ಗುಮಟೆ. ಉಡದ ಚರ್ಮ ಈಗ ಅಪರಾಧ,
ಆಡಿನದು ಬಿಗಿದು ತಂದಿದ್ದ ಬೊಮ್ಮಯ್ಯ ಗೌಡ.
ಯಾರೋ ಗಂಟಲು ಹಿಡಿದಂಗೆ ಅದೆ ಎಂದ; ಬಾರಿಸಿದ.
ನಮಗೆ ವ್ಯತ್ಯಾಸ ತಿಳಿಯಲಿಲ್ಲ.
ಅವನಿಗೆ ಅದೇ ಬೇಸರ.

ಮಾರ್ಚಿಗೆ ಸಿದ್ದಿಯರ ದಮಾಮಿ. ಬಸ್ಸು ಅರಬೈಲ್ ಘಟ್ಟದಲ್ಲಿ ನಿಂತಿತು.
ಜನರನ್ನು ಹಿಡಿದಿಡಲು ನಾನೇ ಭಾಷಣ ಮಾಡಿ
ಅರ್ಧ ಜನರನ್ನು ಓಡಿಸಿದೆ.

ಈ ಸಲ ಹೊನ್ನಿ ಗೌಡ, ಅಂಕೋಲೆ ಕಡೆಯವಳು.
ಕುರ್ಚಿಯ ತುದಿಯಲ್ಲಿ ಕೂತಳು, ಬಸ್ಸಿನಲ್ಲಿ
ಬೇರೆಯವರ ಸೀಟಿನಲ್ಲಿ ಕೂತ ಹಾಗೆ.
ಕೊರಳ ಮಣಿಸರ ಮೈಕಿಗೆ ತಾಗಿ ಕರಕರ.
ನಸೀಮಾ ಮೈಕು ಸರಿಸಿದಳು, ಮತ್ತೆ ಸರಿಸಿದಳು.
ನೆಟ್ಟಿಯ ಹಾಡು: ಒಂದು ಸೊಲ್ಲು, ಎರಡು ಸೊಲ್ಲು,
ಅಲ್ಲಿಗೇ ನಿಂತು ತನ್ನ ಅಂಗೈ ನೋಡಿಕೊಂಡಳು:
‘ಕೈ ಕಾಲಿ ಇದ್ರೆ ಪದ ಬತ್ತಿಲ್ಲ ತಂಗೀ.’

ಆದರೂ ಹಾಡಿದಳು. ಮೂರು.
ಹೊಸ ನೆಂಟರ ಮನೆಯಲ್ಲಿ ಸಾಕು ಸಾಕೆಂದು ಉಣ್ಣುವ ಹಾಗೆ.
ಚಪ್ಪಾಳೆ, ಶಾಲು, ತೆಂಗಿನಕಾಯಿ,
ಬ್ಲೌಸು ಪೀಸಿನ ಬಣ್ಣಕ್ಕೆ ನನ್ನ ಮೇಲೆ ಟೀಕೆ.
ಒಂದೂವರೆ ತಾಸಿಗೆ ಸರಿಯಾಗಿ
ಮೋಟಾರು ಗುರ್ರೆಂದು ಎದ್ದಿತು.

ಜನ ಹೋದರು. ನಸೀಮಾ ವಾಯರು ಸುತ್ತಿ ಚೀಲಕ್ಕೆ ಹಾಕಿದಳು.
ಜಟ್ಟು ಕುರ್ಚಿಯ ಮೇಲೆ ಕುರ್ಚಿ ಒಗೆಯುತ್ತಿದ್ದ,
ನಾನು ಕಸಬರಿಗೆ ಹಿಡಿದಿದ್ದೆ.
ಕೊಡಿಲ್ಲಿ, ಎಂದು ಕಸಿದುಕೊಂಡಳು ಹೊನ್ನಿ.
ಬಗ್ಗಿದಳು.
ಬಗ್ಗಿದಲ್ಲೇ ಹಾಡು ಹಿಡಿದಳು.

ಅದೇ ನೆಟ್ಟಿಯ ಹಾಡು. ಅದೇ ಅಲ್ಲ.
ಸೊಲ್ಲು ಮುಗಿದಲ್ಲಿ ಒಂದು ಹೆಜ್ಜೆ ಹಿಂದಕ್ಕೆ,
ಸಿಮೆಂಟು ನೆಲದ ಮೇಲೆ ಕಾಣದ ಕೆಸರು.
ಜಟ್ಟುವಿನ ಕುರ್ಚಿ ತಾನಾಗಿ ತಾಳಕ್ಕೆ ಬೀಳತೊಡಗಿತು.
ಬಾಯಿ ಗ್ಲಾಸು ತೊಳೆಯುತ್ತ ಕೊಂಕಣಿಯಲ್ಲಿ ‘ಹಾಂ’ ಎಂದಳು,
ಸೊಲ್ಲಿಗೊಂದು ಹಾಂ.
ಮೋಟಾರಿನ ಗದ್ದಲದಲ್ಲಿ ಅರ್ಧ ಕೇಳುತ್ತಿರಲಿಲ್ಲ,
ನಾನು ಹತ್ತಿರ ಹೋಗಿ ನಿಂತೆ, ಧೂಳಿನಲ್ಲಿ.

ಆಗ ಮೋಟಾರು ನಿಂತಿತು.
ಕರೆಂಟು ಹೋಯಿತೆಂದುಕೊಂಡೆ. ದೀಪ ಉರಿಯುತ್ತಿತ್ತು.
ರೇವಣಕರರು ಸ್ವಿಚ್ಚಿನ ಪಕ್ಕ ನಿಂತಿದ್ದರು,
ಗಡಿಯಾರದ ಕೈ ಬೆನ್ನ ಹಿಂದೆ.

ನಸೀಮಾ ಚೀಲದತ್ತ ಒಮ್ಮೆ ನೋಡಿದಳು. ತೆರೆಯಲಿಲ್ಲ.

ಗುಡಿಸಿದ ಶೆಡ್ಡನ್ನೇ ಮತ್ತೆ ಗುಡಿಸಿ
ಕಸ ಒಂದು ಮೂಲೆಗೆ ಒಟ್ಟಿ ಹೊನ್ನಿ ಕೇಳಿದಳು:
ಟೆಂಪೊದವ ಬೈತಾನೇನೋ?
ಬೈದ.

ರಾತ್ರಿ ಲೆಕ್ಕ ಬರೆದೆ.
ಬುಟ್ಟಿಯಲ್ಲಿ ಸಾವಿರದ ನಾನೂರ ಹತ್ತು, ಒಂದು ಹರಿದ ಇಪ್ಪತ್ತು.
ಗೌರವಧನ, ಚಹಾ, ಶಾಲು.
ಬರ್ಫ ಕರಗಿದ್ದಕ್ಕೆ ರೇವಣಕರರು ಬಿಲ್ಲು ಕೊಡಲಿಲ್ಲ,
ನಾನೂ ಕೇಳಲಿಲ್ಲ.
ಟೆಂಪೊ ಕಾದದ್ದಕ್ಕೆ: ಇನ್ನೂರು.
ರಸೀದಿ ಇಲ್ಲ.