ಉದ್ಯೋಗದ ಖಾನೆ

ಫಾರಂ ತುಂಬುವವಳು ನಾನು. ಕೆ.ಆರ್. ಆಸ್ಪತ್ರೆ,
ಫ್ಯಾನು ತಿರುಗದ ಕೋಣೆ.
ಹೆಸರು? ಜೈತೂನ್ ಬಿ. ಮನೆ? ಶಾಂತಿನಗರ. ವಯಸ್ಸು?
ಐವತ್ತೋ, ಐವತ್ತೈದೋ, ನೀವೇ ಬರ್ಕೊಳ್ಳಿ.

ಬೀಡಿ? ತೌಬಾ. ಹೊಗೆಸೊಪ್ಪು? ಊಹ್ಞೂಂ.
ಕುಡಿಯೋ ನೀರು? ಮೊದಲು ಬೋರು, ಈಗ ನಲ್ಲಿ,
ಬಂದ ದಿನ.
ಉದ್ಯೋಗ?

ಕೈ ಮುಂದೆ ಚಾಚಿದಳು.
ಊದುಬತ್ತಿ ಕಡ್ಡಿಯ ಬುಡಕ್ಕೆ ಬಣ್ಣ ಹಿಡಿಸೋದು,
ಕಟ್ಟುಕಟ್ಟಾಗಿ ಅದ್ದಿ, ಕೊಡವಿ, ಬಿಸಿಲಿಗೆ ನಿಲ್ಲಿಸಿ,
ಮದುವೆಗೂ ಮುಂಚಿನಿಂದ.
ಉಗುರಿನ ಸಂದಿಯಲ್ಲಿ ಇನ್ನೂ ಆ ಗುಲಾಬಿ.

ಬಚ್ಚಲಲ್ಲಿ ಕೆಂಪು ಹರಿದ ಮೊದಲ ದಿನ
ಕೈಯದೇ ಬಣ್ಣ ಅಂದುಕೊಂಡಳಂತೆ,
ಇನ್ನೊಂದು ಚೊಂಬು ಸುರಿದಳಂತೆ.
ನೋವಿರಲಿಲ್ಲವಲ್ಲ.
ಹಾಗೇ ಎಂಟು ತಿಂಗಳು.

ನಮ್ಮ ಫಾರಮ್ಮಿನಲ್ಲಿ ಉದ್ಯೋಗದ ಖಾನೆ
ಬೆಂಕಿಪೊಟ್ಟಣದಷ್ಟು.
'ಕೂಲಿ' ಅಂತ ಬರೆದರೆ ಸಲೀಸಾಗಿ ಹಿಡಿಯುತ್ತದೆ.
ಹಾಗೇ ಬರೆದಿದ್ದೇನೆ, ಎಷ್ಟೋ ಜನಕ್ಕೆ.

ಇವತ್ತು ಗೆರೆ ದಾಟಿ, ಅಂಚಿಗಿಳಿದು ಬರೆದೆ:
ಬಣ್ಣ. ಬರಿಗೈ. ಮೂವತ್ತೊಂದು ವರ್ಷ.
ಯಾವ ಬಣ್ಣವಮ್ಮ?
ಡಬ್ಬದ ಮೇಲೆ ಚೀಟಿ ಇರ್ತಿರಲಿಲ್ಲ.

ಸಂಜೆ ಮನೆಯಲ್ಲಿ ಹಚ್ಚಿದ ಬತ್ತಿ
ಉರಿದು ಉರಿದು ಗುಲಾಬಿ ಬುಡಕ್ಕೆ ಬಂದು
ತಾನಾಗಿ ಆರಿತು.
ತುಂಡು ಎತ್ತಲು ಬೆರಳು ಚಾಚಿದವಳು
ತಡೆದು ನಿಂತೆ.